ಹೊಯ್ಗೆಗುಡ್ಡೆಯ ಆಚೆ ಬದಿ

ಇದೊಂದು ತಳ ಹಿಡಿದು ಕೂತಿತು, ಮೇಲೆ ಬರುವುದಿಲ್ಲ ಕಾಣುತ್ತದೆ — ಇಲ್ಲ, ಬಂತು, ಹೊಟ್ಟೆ ಉಬ್ಬಿಸಿಕೊಂಡು ಮಗುಚಿತು, ಗೋಳಿಬಜೆಯೇ ಹಾಗೆ, ಹಿಟ್ಟು ತೆಳ್ಳಗಾದರೆ ಎಣ್ಣೆ ಕುಡಿಯುತ್ತದೆ, ಗಟ್ಟಿಯಾದರೆ ಒಳಗೆ ಹಸಿ, ಇವತ್ತು ಮೊಸರು ಹೆಚ್ಚಾಯಿತು, ಶುಕ್ರವಾರದಿಂದ ನನ್ನ ಕೈಯ ಅಂದಾಜು ಎಲ್ಲದರಲ್ಲೂ ತಪ್ಪುತ್ತಾ ಇದೆ, ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿತ್ತು, ಇವರು ಪೂರ್ತಿ ಉಂಡರು, ಉಂಡು ಮೇಲಿಂದ ಚೆನ್ನಾಗಿತ್ತು ಅಂದರು, ಚೆನ್ನಾಗಿತ್ತಂತೆ — ಹಾಲ್‌ನಲ್ಲಿ ಸಿದ್ದೀಕ್ ಭಾಯಿಯ ಸ್ವರ, ಪ್ಲಾಂಟಿನ ಗದ್ದಲದಲ್ಲಿ ಕೂಗಿ ಕೂಗಿ ದೊಡ್ಡದಾದ ಸ್ವರ, ನೀರು ಎಷ್ಟು ಬೇಕು ಅಂತ ನಿಮಗೆ ಅನಿಸ್ತದೋ ಅದರ ದುಪ್ಪಟ್ಟು ಇರಲಿ ಯೋಗೀಶಣ್ಣ, ಪೆಟ್ರೋಲೂ ಹಾಗೆಯೇ, ಮರಳುಗಾಡಿನ ಹೊಯ್ಗೆಯಲ್ಲಿ ಗಾಡಿ ಎಮ್ಮೆಯ ಹಾಗೆ ಕುಡೀತದೆ, ಇವರು ಹೂಂ ಹೂಂ ಅನ್ನುತ್ತಾರೆ, ಇಸ್ರಾ ಮೊಬೈಲಿನಲ್ಲಿ ನಕ್ಷೆ ಹಿಗ್ಗಿಸಿ ತೋರಿಸುತ್ತಿರಬೇಕು, ಇಲ್ಲಿಯವರೆಗೆ ಟಾರು, ಇಲ್ಲಿಂದ ಆಚೆ ಎಂತ ಇಲ್ಲ, ಎಂತ ಇಲ್ಲ ಅನ್ನುವುದನ್ನು ಅವಳು ಎಷ್ಟು ಖುಷಿಯಿಂದ ಹೇಳುತ್ತಾಳೆ. ಉಳ್ಳಾಲದ ಗಂಡಹೆಂಡತಿ, ಪ್ರತಿ ಚಳಿಗಾಲ ಮರುಭೂಮಿಗೆ ಹೋಗಿ ಮಲಗಿ ಬರುವವರು, ಗಂಡ ಇವರ ಜೊತೆಯಲ್ಲೇ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ನಮ್ಮನ್ನೂ ಕರೆದುಕೊಂಡು ಹೋಗಿ ಅಂತ ಬೆನ್ನು ಹಿಡಿದವಳು ನಾನು, ಇವರಲ್ಲ, ಇವರಿಗೆ ಎಸಿ ರೂಮಿನಲ್ಲಿ ಪೇಪರ್ ಹಿಡಿದು ಕೂತರೆ ರಜೆ ಮುಗಿಯಿತು. ಉರೂಕ್ ಬನೀ ಮಆರಿದ್, ಆ ಹೆಸರು ಬಾಯಲ್ಲಿ ಕೂರಲಿಕ್ಕೇ ನನಗೆ ಒಂದು ವಾರ ಬೇಕಾಯಿತು, ಸೌದಿಯ ರುಬ್ ಅಲ್ ಖಾಲಿ ಮರುಭೂಮಿಯ ಪಡುವಣ ಅಂಚು, ನಾವಿರುವ ದಹ್ರಾನಿನಿಂದ ಒಂದು ಇಡೀ ದಿನದ ದಾರಿ, ಕೆಂಪು ಹೊಯ್ಗೆಯ ಗುಡ್ಡೆಗಳ ನಡುವೆ ಓರಿಕ್ಸ್ ಅಂತ ಉದ್ದ ಕೊಂಬಿನ ಬಿಳಿ ಪ್ರಾಣಿ, ಒಮ್ಮೆ ಮರುಭೂಮಿಯಲ್ಲಿ ಒಂದೂ ಉಳಿಯದೆ ಆಮೇಲೆ ಸಾಕಿ ತಂದು ಬಿಟ್ಟದ್ದು, ಅದನ್ನು ನೋಡಬೇಕು, ಗುಡ್ಡೆಯ ನೆರಳಿನಲ್ಲಿ ನಮ್ಮದೇ ಟೆಂಟ್ ಹಾಕಿ ಮಲಗಬೇಕು, ಬೆಳಿಗ್ಗೆ ಎದ್ದು ಬಾಗಿಲ ಜಿಪ್ಪು ಎಳೆದರೆ ಎದುರಿಗೆ ಬಿಳಿಯ ಒಂದು ಜೀವ ನಿಂತಿರಬೇಕು, ಇಷ್ಟು ನನ್ನ ಆಸೆ, ವನ್ಯಧಾಮದವರ ಅನುಮತಿಯೂ ಬಂತು, ಬರುವ ಗುರುವಾರ ಹೊರಡುವುದು, ಎಲ್ಲ ನಾನು ಬಯಸಿದ ಹಾಗೆಯೇ, ಮತ್ತೆ ಎಂತ ಬೇಕು ನಿನಗೆ, ಬಿಡು, ಉರಿ ಸಣ್ಣ ಮಾಡು.

ಈ ಕೋಲು ಹೇಗೆ ಮುರಿಯಿತು ಅಂತಲೇ ನನಗೆ ಅರ್ಥ ಆಗ್ತಿಲ್ಲ, ಇದು ಸಿದ್ದೀಕ್ ಭಾಯಿ, ಮುರಿದ ಟೆಂಟಿನ ಕೋಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿರಬೇಕು, ಟೆಂಟ್ ಅವರದ್ದು, ಅಭ್ಯಾಸಕ್ಕೆ ಅಂತ ಕೊಟ್ಟದ್ದು, ಗಾಳಿಗೆ ಮುರಿದರೆ ಬಾಗಿ ಮುರೀತದೆ, ಇದು ಜಜ್ಜಿ ಹೋಗಿದೆಯಲ್ಲ ಮಾರಾಯ್ರೇ — ಇವರು ನಗುತ್ತಾರೆ, ನಾನು ಅದರ ಮೇಲೆ ಕೂತೆ ಸಿದ್ದೀಕ್, ನನ್ನ ತೂಕ ಗೊತ್ತಲ್ಲ, ಎಲ್ಲರೂ ನಗುತ್ತಾರೆ, ಇವರು ಸುಳ್ಳು ಹೇಳಿದರು, ಎಷ್ಟು ಸಲೀಸಾಗಿ ಹೇಳಿದರು, ಪಪ್ಪ ಒಂದು ಸುಳ್ಳು ಹೇಳ್ಬೇಕಾದ್ರೆ ಮೊದಲು ಕಿವಿ ಕೆಂಪಾಗ್ತದೆ ಅಂತ ಮಗಳು ಶರ್ವಾಣಿ ತಮಾಷೆ ಮಾಡುತ್ತಿದ್ದಳು, ಈಗ ಕಿವಿ ಕೆಂಪಾಗಿದೆಯೋ ಇಲ್ಲವೋ ಅಡುಗೆಮನೆಯಿಂದ ಕಾಣುವುದಿಲ್ಲ, ನನ್ನನ್ನು ಉಳಿಸಲಿಕ್ಕೆ ಹೇಳಿದ ಸುಳ್ಳು, ಕೋಲು ಜಜ್ಜಿದ್ದು ನಾನು, ಕೂತು ಅಲ್ಲ, ನಮ್ಮ ಪಜೆರೋ ಹತ್ತಿಸಿ. ಟೆಂಟಿನ ಒಳಗೆ ಇವರಿದ್ದಾರೆ ಅಂತ — ಬೇಡ, ಅಲ್ಲಿಗೆ ಹೋಗಬೇಡ, ಬಜೆ ಮಗುಚು. ಲೈಸೆನ್ಸಿನಿಂದ ಶುರು ಮಾಡು, ಅದರಿಂದ ಶುರು ಮಾಡಿದರೆ ಮನಸ್ಸಿಗೆ ಒಂದು ದಾರಿ ಸಿಗುತ್ತದೆ, ಶರ್ವಾಣಿ ಸಣ್ಣವಳಿದ್ದಾಗ ಜ್ವರ ಏರಿ ಕಣ್ಣು ಮೇಲೆ ಮಾಡಿದ ಆ ಮಧ್ಯಾಹ್ನ, ಇವರು ಶಿಫ್ಟಿನಲ್ಲಿ, ಫೋನ್ ಎತ್ತುವ ಹಾಗಿಲ್ಲ, ಕಾರಿನ ಚಾವಿ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ, ಕಾರು ಕೆಳಗೆ ನೆರಳಿನಲ್ಲಿ ನಿಂತಿದೆ, ತವರು ಕಾಪುವಿನಲ್ಲಿ ಅಣ್ಣನ ಅಂಬಾಸಿಡರ್ ಬಿಟ್ಟು ಗೊತ್ತಿದ್ದ ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಕ್ಯಾಂಪಿನ ಗೇಟಿನವರೆಗೆ ಬಿಸಿಲಲ್ಲಿ ಓಡಿದೆ, ಸೌದಿಯಲ್ಲಿ ಹೆಂಗಸು ಸ್ಟೇರಿಂಗ್ ಮುಟ್ಟುವ ಹಾಗಿರಲಿಲ್ಲ ಆಗ. ಆಮೇಲೆ ಕಾಲ ಬದಲಾಯಿತು, ಹೆಂಗಸರೂ ಬಿಡಬಹುದು ಅಂತಾಯಿತು, ಡ್ರೈವಿಂಗ್ ಸ್ಕೂಲಿನ ಆ ಸೌದಿ ಹುಡುಗಿ, ಅಬಾಯದ ಕೆಳಗೆ ಕೆಂಪು ಶೂ, ನನ್ನ ಮೊಣಕೈಗೆ ತಟ್ಟಿ ಯಲ್ಲಾ, ಖೌಫ್ ಮಾಫಿ, ಹೆದರಿಕೆ ಗಿದರಿಕೆ ಇಲ್ಲ, ಯಲ್ಲಾ — ಲೈಸೆನ್ಸ್ ಕೈಗೆ ಬಂದ ದಿನ ಒಬ್ಬಳೇ ಕಾರ್ನಿಷ್ ರಸ್ತೆಯಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿ ಬಂದೆ, ಸುಮ್ಮನೆ, ಯಾವ ಕೆಲಸವೂ ಇಲ್ಲ, ಕಿಟಕಿ ತೆರೆದು, ಸಮುದ್ರದ ಉಪ್ಪು ಗಾಳಿ ಮುಖಕ್ಕೆ, ಮದುವೆಯಾದ ಮೇಲೆ ಅಷ್ಟು ಖುಷಿ ನನಗೆ ಆಗಿರಲಿಲ್ಲ, ಇದನ್ನು ಯಾರಿಗೂ ಹೇಳಿಲ್ಲ, ಹೇಳುವ ಮಾತೂ ಅಲ್ಲ. ಶರ್ವಾಣಿ ಮಂಗಳೂರಿಗೆ ಕಾಲೇಜಿಗೆ ಹೋದ ಮೇಲೆ ಮನೆಯಲ್ಲಿ ನಾನು, ಇವರು, ಎಸಿಯ ಸದ್ದು, ಕೇಳಿತಾ ಅಂತ ನಾನು, ಹೂಂ ಅಂತ ಇವರು, ಅಷ್ಟೇ ಮಾತು, ಒಳ್ಳೆಯವರು, ಒಂದು ದಿನ ಗದರಿದವರಲ್ಲ, ಆದರೆ ಹೂಂ, ಹೂಂ, ಹಾಗಾಗಿಯೇ ಗಾಡಿ, ಹಾಗಾಗಿಯೇ ಹೊಯ್ಗೆ, ಹಾಗಾಗಿಯೇ ಆ ಶುಕ್ರವಾರ.

ದಹ್ರಾನಿನ ಹತ್ತಿರದ ಹಾಫ್ ಮೂನ್ ಬೇಯ ಆಚೆಗಿನ ಹೊಯ್ಗೆಗುಡ್ಡೆಗಳು, ಚಳಿಗಾಲದ ಬಿಸಿಲು, ಟಯರಿನ ಗಾಳಿ ಇಳಿಸುವಾಗ ಸುಯ್ ಅಂತ ಸದ್ದು, ಟಯರಿನ ಹೊಟ್ಟೆ ಅಗಲವಾಗಿ ಒಂಟೆಯ ಪಾದದ ಹಾಗೆ ಆಗಬೇಕು ಅಕ್ಕ ಅಂತ ಸಿದ್ದೀಕ್ ಭಾಯಿ, ಬೆಳಿಗ್ಗೆಯಿಡೀ ಪಕ್ಕದ ಸೀಟಿನಲ್ಲಿ ಕೂತು ಕಲಿಸಿದರು, ಹೆಚ್ಚು ಒತ್ತಬೇಡಿ, ನಡುವೆ ಬಿಡಬೇಡಿ, ಗಾಡಿ ತೇಲಬೇಕು, ನೆತ್ತಿ ಹತ್ತುವ ಮೊದಲು ನಿಲ್ಲಿಸಿ, ಇಳಿದು, ನಡೆದು ಹೋಗಿ ಆಚೆ ಬದಿ ನೋಡಿ, ನೋಡದೆ ನೆತ್ತಿ ದಾಟುವುದು ಅಂದರೆ ಕಣ್ಣು ಮುಚ್ಚಿ ಬಾವಿಗೆ ಹಾರಿದ ಹಾಗೆ, ಆಯ್ತಾ ಅಕ್ಕ, ಆಯ್ತು ಭಾಯಿ. ಊಟ ಆಯಿತು, ಅವರು ಮತ್ತು ಇಸ್ರಾ ಅಸರ್ ನಮಾಜಿಗೆ, ಐಸೂ ತರುತ್ತೇವೆ ಅಂತ ಹೈವೇಯ ಪೆಟ್ರೋಲ್ ಬಂಕಿನ ಮಸೀದಿಗೆ ಹೋದರು, ಸಣ್ಣ ಗುಡ್ಡೆಗಳಲ್ಲಿ ಮಾತ್ರ ಬಿಡಿ ಅಂದರು, ಸಣ್ಣದೇ ಅದು, ಊರಿನ ಮನೆಯ ಹಂಚಿನ ಮಾಡಿನಷ್ಟು ಎತ್ತರ ಇರಬಹುದು, ಇವರು ಈಚೆ ಬದಿ ಪೊದೆಯ ಹತ್ತಿರ ಚಾಪೆ ಹಾಸಿ ಮಲಗಿದ್ದರು, ಮುಖದ ಮೇಲೆ ಕರ್ಚೀಫು, ನಾನು ಹತ್ತಿದೆ, ನಿಂತೆ, ಇಳಿದು ನಡೆದು ನೋಡಿದೆ, ಆಚೆ ಬದಿ ಖಾಲಿ, ದಾಟಿದೆ, ಮತ್ತೆ ಸುತ್ತಿ ಬಂದೆ, ಮತ್ತೆ ಹತ್ತಿದೆ, ನಿಂತೆ, ನೋಡಿದೆ, ಖಾಲಿ, ದಾಟಿದೆ, ಪ್ರತಿ ಸಲ ಹೊಟ್ಟೆಯಲ್ಲಿ ತೊಟ್ಟಿಲು ತೂಗಿದ ಹಾಗೆ, ನಾನು ಒಬ್ಬಳೇ ಜೋರಾಗಿ ನಗುತ್ತಿದ್ದೆ, ದೂರದ ಕಡೆಗೂ ಒಂದು ಸುತ್ತು ಹೋದೆ, ಅಷ್ಟು ಹೊತ್ತಿಗೆ ಇವರು ಎದ್ದಿರಬೇಕು, ಎದ್ದು, ಹೆಂಡತಿ ಗಾಡಿ ಕಲಿಯುತ್ತಾಳೆ, ನಾನು ಟೆಂಟಾದರೂ ಕಲಿಯುತ್ತೇನೆ ಅಂತ, ಗಾಳಿ ಬಡಗಿನಿಂದ ಬೀಸುತ್ತಿತ್ತು, ಗಾಳಿ ತಾಗದ ಜಾಗ ಯಾವುದು, ಗುಡ್ಡೆಯ ಆಚೆ ಬದಿ, ನೆತ್ತಿಯ ಬುಡ, ಯಾರಿಗಾದರೂ ಹಾಗೆಯೇ ತೋಚುತ್ತದೆ, ನೆರಳು ಬೇರೆ, ನನಗಾದರೂ ಅಲ್ಲೇ ತೋಚುತ್ತಿತ್ತು, ಗುಡ್ಡೆಯ ನೆರಳಿನಲ್ಲಿ ಟೆಂಟ್ ಹಾಕಬೇಕು ಅಂತ ತಿಂಗಳಿಂದ ಹಾಡಿದವಳೇ ನಾನು. ನಾನು ಬರುತ್ತೇನೆ, ಹತ್ತುತ್ತೇನೆ, ಎಂಜಿನ್ ಒಂದೇ ಸ್ವರದಲ್ಲಿ ಹಾಡುತ್ತದೆ, ಈ ಸಲ ನಿಲ್ಲಿಸುವುದಿಲ್ಲ, ಈಗಷ್ಟೇ ನೋಡಿದ್ದೇನಲ್ಲ, ಖಾಲಿಯಲ್ಲವಾ, ಬಾನೆಟ್ಟು ಆಕಾಶಕ್ಕೆ ಏಳುತ್ತದೆ, ನೀಲಿ, ಬರೀ ನೀಲಿ, ಆಮೇಲೆ ಬಾನೆಟ್ಟು ಬಗ್ಗುತ್ತದೆ, ಇನ್ನೊಂದು ನೀಲಿ, ಆಕಾಶದ್ದಲ್ಲ, ಬಟ್ಟೆಯ ನೀಲಿ, ಟೆಂಟ್.

ಬ್ರೇಕ್ ಒತ್ತಿದೆ, ಒತ್ತಿದರೂ ಹೊಯ್ಗೆ ಕೇಳುವುದಿಲ್ಲ, ಗುಡ್ಡೆಯೇ ಗಾಡಿಯ ಜೊತೆ ಜಾರುತ್ತದೆ, ನಿಧಾನ, ಎಷ್ಟು ನಿಧಾನ ಅಂದರೆ ಟೆಂಟಿನ ಬಾಗಿಲಲ್ಲಿ ಜೋಡಿಸಿಟ್ಟ ಚಪ್ಪಲಿ ಕಂಡಿತು, ಇವರ ಕಂದು ಚಪ್ಪಲಿ, ಮನೆಯ ಬಾಗಿಲಲ್ಲಿ ಇಡುವ ಹಾಗೆಯೇ ಒಂದರ ಪಕ್ಕ ಒಂದು, ಬೆರಳ ಬದಿ ಹೊರಗೆ ಮಾಡಿ, ಚಪ್ಪಲಿ ಹೊರಗೆ ಅಂದರೆ ಮನುಷ್ಯ ಒಳಗೆ, ಮತ್ತೆ ಕೋಲು ಮುರಿದ ಸದ್ದು, ಅದು ಕೋಲಿನದ್ದು ಅಂತ ಆಗ ನನಗೆ ಹೇಗೆ ಗೊತ್ತಾಗಬೇಕು, ಪಟ್ ಅಂತ, ಒಣ ಸದ್ದು, ಗಾಡಿ ನಿಂತಿತು, ಮುಂದಿನ ಎರಡೂ ಚಕ್ರ ನೀಲಿ ಬಟ್ಟೆಯ ಮೇಲೆ, ಮೇಲಿಂದ ಜಾರಿದ ಹೊಯ್ಗೆ ಬಂದು ಉಳಿದದ್ದನ್ನೂ ಮುಚ್ಚಿತು, ಎಂಜಿನ್ ಆಫ್ ಆಯಿತು, ನಾನೇ ಮಾಡಿದೆನೋ ತಾನೇ ಆಯಿತೋ — ಆ ಮೌನ. ಆ ಮೌನದಲ್ಲಿ, ಸ್ಟೇರಿಂಗ್ ಇನ್ನೂ ಎರಡು ಕೈಯಲ್ಲಿ ಇರುವಾಗ, ಮೊದಲ ಮಾತು, ತಲೆಯೊಳಗೆ, ಸ್ಪಷ್ಟವಾಗಿ, ಯಾರೋ ಪಕ್ಕದ ಸೀಟಿನಲ್ಲಿ ಕೂತು ಹೇಳಿದ ಹಾಗೆ: ಲೈಸೆನ್ಸ್ ಹೋಯಿತು. ಇವರು ಹೋದರು ಅಂತ ಅಲ್ಲ. ಅಯ್ಯೋ ದೇವರೇ ಅಂತ ಅಲ್ಲ. ಶರ್ವಾಣಿಗೆ ಎಂತ ಹೇಳಲಿ ಅಂತ ಕೂಡ ಅಲ್ಲ. ಲೈಸೆನ್ಸ್ ಹೋಯಿತು. ಅದಾದ ಮೇಲೆ ಉಳಿದದ್ದೆಲ್ಲ ಬಂತು, ಬಾಗಿಲು ತೆರೆದದ್ದು, ಬಿದ್ದದ್ದು, ಮಂಡಿಯೂರಿ ಅಗೆದದ್ದು, ಎರಡೂ ಕೈಯಲ್ಲಿ, ನಾಯಿ ಅಗೆಯುವ ಹಾಗೆ, ಅಗೆದಷ್ಟೂ ಹೊಯ್ಗೆ ಜಾರಿ ಜಾರಿ ತುಂಬುತ್ತದೆ, ಉಗುರಿನ ಸಂದಿಯಲ್ಲಿ ರಕ್ತ, ಬಾಯಿಯಲ್ಲಿ ಹೊಯ್ಗೆ, ಕಿರುಚಿರಬೇಕು, ಗಂಟಲು ಎರಡು ದಿನ ಉರಿಯುತ್ತಿತ್ತು, ಎಂತ ಕಿರುಚಿದೆನೋ ಒಂದೂ ನೆನಪಿಲ್ಲ, ಕೈಗೆ ಬಟ್ಟೆ ಸಿಕ್ಕಿತು, ಎಳೆದೆ, ಬಾಗಿಲ ಜಿಪ್ಪು ಬಿಚ್ಚಿದೆ, ಒಳಗೆ ಹಾಸಿದ ಹಾಸಿಗೆ, ದಿಂಬು, ಅದರ ಮೇಲೆ ಇವರ ಕನ್ನಡಕದ ಡಬ್ಬಿ, ಮನುಷ್ಯ ಇಲ್ಲ, ಮನುಷ್ಯ ಇಲ್ಲ ಅಂತ ಕಂಡ ಮೇಲೂ ಅಗೆದೆ. ಹಿಂದಿನಿಂದ, ಶರ್ಮಿಳಾ, ನಾನಿಲ್ಲಿ. ಚಾ ಆಯಿತಾ ಅಂತ ಕೇಳುವಾಗ ಇರುವಷ್ಟೇ ಸ್ವರ. ತಿರುಗಿದರೆ ಇವರು, ಇಡೀ ಮನುಷ್ಯ, ಬರಿಗಾಲು, ಪ್ಯಾಂಟಿನ ಕಾಲು ಮಡಚಿದೆ, ಕೆನ್ನೆಯೆಲ್ಲ ಒದ್ದೆ, ಆಚೆ ಹೋಗಿದ್ದೆ ಮಾರಾಯ್ತಿ, ಮೂತ್ರಕ್ಕೆ, ಶಬ್ದ ಕೇಳಿ ಓಡಿ ಬಂದೆ ಅಂದರು, ಎಂತ ಆಗಲಿಲ್ಲ, ನೋಡು, ಎಂತ ಆಗಲಿಲ್ಲ, ಬಾಟಲಿಯ ನೀರು ನನ್ನ ಬೆರಳಿನ ಮೇಲೆ ಸುರಿದರು, ಸಿದ್ದೀಕ್ ಬರುವ ಮೊದಲು ಗಾಡಿ ಹಿಂದೆ ತೆಗಿ, ತೆಗೀಲಿಕ್ಕೆ ಆಗ್ತದಾ, ಆಗಲೇಬೇಕಲ್ಲ, ನಾನೇ ತೆಗೆದೆ, ಇದೇ ಕೈಯಿಂದ ರಿವರ್ಸ್ ಹಾಕಿ ತೆಗೆದೆ, ಅದೂ ಒಂದೇ ಸಲಕ್ಕೆ, ಚೆನ್ನಾಗಿ.

ಅಕ್ಕ, ನಾನು ಎಂತಾದರೂ ಮಾಡ್ಲಾ ಅಂತ ಇಸ್ರಾ ಬಾಗಿಲಲ್ಲಿ ತಲೆ ಹಾಕಿ ಕೇಳುತ್ತಾಳೆ, ಬೇಡ ಮಗಾ, ಇದೊಂದು ಒಬ್ಬೆ, ಚಟ್ನಿ ಆಗಿದೆ, ನೀನು ಕೂತ್ಕೋ, ಅವಳು ಹೋಗುವುದಿಲ್ಲ, ನನ್ನ ಬೆರಳಿನ ಪಟ್ಟಿ ನೋಡುತ್ತಾಳೆ, ಅದೆಂತ ಅಕ್ಕ, ತೆಂಗಿನಕಾಯಿ ತುರಿಯುವಾಗ ಅಂದೆ, ಎರಡೂ ಕೈಗಾ ಅಂದಳು, ನಕ್ಕಳು, ಪಾಪ, ತಮಾಷೆಗೆ ಕೇಳಿದ್ದು, ನಾನೂ ನಕ್ಕೆ, ಅವಳು ಹೋದಳು, ಸುಳ್ಳು ನನಗೂ ಸಲೀಸಾಗಿ ಬಂತಲ್ಲ, ಶುಕ್ರವಾರದಿಂದ ಈ ಮನೆಯಲ್ಲಿ ಇಬ್ಬರಿಗೂ ಸುಳ್ಳು ಸಲೀಸು. ಆದರೆ ಇವರಿಗೆ ಎಂತ ಆಗಿದೆ, ಅದು ನನಗೆ ತಿಳಿಯುತ್ತಿಲ್ಲ, ನಾನು ಕಾದೆ, ಮನೆಗೆ ಬಂದ ಮೇಲೆ ಬೈಯುತ್ತಾರೆ ಅಂತ ಕಾದೆ, ಚಾವಿ ಕೊಡು ಅನ್ನುತ್ತಾರೆ, ಸಾಕು ನಿನ್ನ ಹೊಯ್ಗೆ ನಿನ್ನ ಓರಿಕ್ಸ್ ಅನ್ನುತ್ತಾರೆ, ಅನ್ನಲಿ, ಅಂದರೆ ನನಗೆ ಒಂದು ಸಮಾಧಾನ, ಅನ್ನಲಿಲ್ಲ, ಶನಿವಾರ ಬೆಳಿಗ್ಗೆ ಸ್ನಾನದ ಕೋಣೆಯಲ್ಲಿ ಶಿಳ್ಳೆ ಹಾಕುತ್ತಿದ್ದರು, ಶಿಳ್ಳೆ, ಇವರು, ಇಷ್ಟು ವರ್ಷದಲ್ಲಿ ಒಂದು ಶಿಳ್ಳೆ ಕೇಳಿದವಳಲ್ಲ ನಾನು, ಕೆಲಸದಿಂದ ಬರುವಾಗ ಬಿಸಿಲಿಗೆ ಅಂತ ಟೊಪ್ಪಿ ತಂದರು, ಎರಡು, ಒಂದು ನನಗೆ, ಅದನ್ನು ನನ್ನ ತಲೆಗೆ ಇಟ್ಟು ದೂರ ನಿಂತು ನೋಡಿದರು, ನಿನ್ನೆ ನಾನು ಬಟ್ಟೆ ಮಡಚುವಾಗ ಹಿಂದೆ ಬಂದು ಹೆಗಲಿನ ಮೇಲೆ ಕೈ ಇಟ್ಟರು, ಇಟ್ಟು ಹಾಗೆಯೇ ನಿಂತರು, ನಾನು ಮರಗಟ್ಟಿ ಹೋದೆ, ಯಾರ ಕೈ ಇದು, ಶಾಕ್ ಹೊಡೆದವರಿಗೆ ಹೀಗೂ ಆಗುತ್ತದೆಯಾ, ಸಾವು ಪಕ್ಕದಲ್ಲಿ ಹೋದರೆ ಮನುಷ್ಯ ಹೀಗೆ ಹಗುರ ಆಗುತ್ತಾನಾ, ಇವರು ಹಗುರ, ನಾನು ಭಾರ, ನಾನು ಅನ್ನ ನುಂಗುವಾಗಲೂ ಆ ಎರಡು ಶಬ್ದ ಗಂಟಲಿನಲ್ಲಿ, ಲೈಸೆನ್ಸ್ ಹೋಯಿತು, ಕನ್ನಡಿಯಲ್ಲಿ ಮುಖ ನೋಡಿದರೆ ಅದೇ, ಇದು ಆ ಮಾತು ಹೇಳಿದ ಮುಖ, ಇಪ್ಪತ್ತು ವರ್ಷ ಒಂದೇ ಚಾಪೆಯಲ್ಲಿ ಮಲಗಿದ ಮನುಷ್ಯ ಚಕ್ರದ ಅಡಿಗೆ ಬಿದ್ದ ಅಂತ ತಿಳಿದ ಹೆಂಗಸಿಗೆ ಮೊದಲು ನೆನಪಾದದ್ದು ಒಂದು ಕಾರ್ಡು, ಎಂತ ಹೆಂಗಸು ನಾನು, ಹೇಳಿಬಿಡಬೇಕು, ಇವರಿಗೆ ಹೇಳಿಬಿಡಬೇಕು, ಹೇಳಿ, ನೀವು ನನಗೆ ಟೊಪ್ಪಿ ತರಬೇಡಿ, ನನ್ನ ಹೆಗಲು ಮುಟ್ಟಬೇಡಿ, ನಾನು ಹೀಗೆ ಅಂದುಕೊಂಡೆ ಅಂತ.

ಆಯ್ತಾ, ಪ್ಲೇಟು ಕೊಡು, ತೆಕ್ಕೊಂಡು ಹೋಗ್ತೇನೆ — ಇವರೇ ಒಳಗೆ ಬಂದರು, ಬಂದವರು ಪ್ಲೇಟು ತೆಗೆದುಕೊಳ್ಳಲಿಲ್ಲ, ಬಾಗಿಲು ಸ್ವಲ್ಪ ದೂಡಿ ಫ್ರಿಜ್ಜಿಗೆ ಒರಗಿ ನಿಂತರು, ಒಂದು ಬಜೆ ಬಾಯಿಗೆ ಹಾಕಿ ಬಿಸಿ ತಾಳದೆ ಆಚೆ ಈಚೆ ಮಾಡಿ ನುಂಗಿದರು, ನೀನು ಹೆದರಬೇಡ, ಸಿದ್ದೀಕನಿಗೆ ನಾನು ಹೇಳುವುದಿಲ್ಲ, ನೀನೇ ಗಾಡಿ ಬಿಡುವುದು, ಅದರಲ್ಲಿ ಎರಡು ಮಾತಿಲ್ಲ, ನಾನು ಬಾಯಿ ತೆರೆದೆ, ಈಗ ಹೇಳಬೇಕು, ಕೇಳಿತಾ, ನಾನು ಆ ದಿನ, ಗಾಡಿ ನಿಂತ ಕೂಡಲೇ — ನನಗೆ ಗೊತ್ತುಂಟು ಅಂದರು ಇವರು, ನಾನು ನೋಡಿದ್ದೇನೆ. ಎಂತ ನೋಡಿದ್ದು. ಎಲ್ಲ. ನಾನು ಮೂತ್ರಕ್ಕೆ ಹೋದದ್ದಲ್ಲ, ಅದು ಸುಳ್ಳು, ಟೆಂಟ್ ಕಟ್ಟಿ ಆಯ್ತಲ್ಲ, ಒಳಗೆ ಹಾಸಿಯೂ ಆಯ್ತು, ದೂರದಿಂದ ಹೇಗೆ ಕಾಣ್ತದೆ ಅಂತ ನೋಡುವ ಆಸೆ ಆಯ್ತು, ನಾನೇ ಕಟ್ಟಿದ್ದಲ್ಲವಾ, ಎದುರಿನ ಗುಡ್ಡೆ ಹತ್ತಿದೆ, ಅಷ್ಟೊತ್ತಿಗೆ ನೀನು ಬಂದೆ. ಬಾಣಲೆಯಲ್ಲಿ ಎಣ್ಣೆ ಸಿಡಿಯುತ್ತಿದೆ, ನನಗೆ ಆ ಸದ್ದು ದೂರದಿಂದ ಕೇಳುತ್ತದೆ, ಇವರು ಮಾತಾಡುತ್ತಿದ್ದಾರೆ, ಎಷ್ಟು ಮಾತು, ಇವರಿಗೆ ಇಷ್ಟು ಮಾತು ಬರುತ್ತದಾ, ಮೊದಲು ಸ್ವರ ಬರಲಿಲ್ಲ ಶರ್ಮಿಳಾ, ನೀನು ಇಳಿದೆ, ಬಿದ್ದೆ, ಎದ್ದೆ, ಅಗೆಯಲಿಕ್ಕೆ ಸುರು ಮಾಡಿದೆ, ಕರೀಬೇಕು ಅಂತ ನಾನು ಕೈ ಎತ್ತಿದೆ, ಆಗ ನೀನು ಕರೆದೆ. ಯಾರನ್ನು. ನನ್ನನ್ನು. ಯೋಗೀಶಾ ಅಂತ. ಯೋಗೀಶಾ, ಯೋಗೀಶಾ ಅಂತ. ಮದುವೆಯಾಗಿ ಇಷ್ಟು ವರ್ಷ ಆಯ್ತು, ಓಯ್, ಕೇಳಿತಾ, ಶರ್ವಾಣಿಯ ಪಪ್ಪ, ಒಂದು ದಿನ ಆದರೂ ನನ್ನ ಹೆಸರು ನಿನ್ನ ಬಾಯಲ್ಲಿ ಬಂದದ್ದುಂಟಾ, ನನಗೂ ಒಂದು ಹೆಸರುಂಟು ಅಂತ ನನಗೇ ಮರೆತಿತ್ತು ಮಾರಾಯ್ತಿ, ನೀನು ಗುಡ್ಡೆ ಬಿರಿಯುವ ಹಾಗೆ ಕರೀತಾ ಇದ್ದೆ — ಇವರ ಕಣ್ಣು ತುಂಬಿದೆ, ಇವರು ನಗುತ್ತಿದ್ದಾರೆ, ಮುಖ ಹುಡುಗನದ್ದಾಗಿದೆ — ಅಷ್ಟೊತ್ತಿಗೆ ನನಗೆ ಸ್ವರ ಬಂದಿತ್ತು, ಸುಳ್ಳು ಯಾಕೆ ಹೇಳಲಿ, ಬಂದಿತ್ತು, ಆದರೆ ನಾನು ಕರೆದರೆ ನೀನು ನಿಲ್ಲಿಸ್ತೀಯಲ್ಲ. ಇನ್ನೊಮ್ಮೆ ಕರೀಲಿ ಅಂತ ನಿಂತೆ.

ಇನ್ನೊಮ್ಮೆ ಕರೀಲಿ ಅಂತ. ನಾನು ಕೇಳಿದೆ, ನನ್ನದೇ ಸ್ವರ, ನೆಲಮಾಳಿಗೆಯಿಂದ ಬಂದ ಹಾಗೆ, ಎಷ್ಟು ಹೊತ್ತು ನಿಂತ್ರಿ. ಇವರು ಲೆಕ್ಕ ಹಾಕುವವರ ಹಾಗೆ ಮೇಲೆ ನೋಡಿದರು, ತುಂಬ ಹೊತ್ತು ಎಂತ ಅಲ್ಲ, ನೀನು ಈ ಬದಿಯಿಂದ ಅಗೆದು ಆಗದೆ, ತೆವಳಿಕೊಂಡು ಆ ಬದಿಗೆ ಹೋಗಿ ಮತ್ತೆ ಅಗೆದೆಯಲ್ಲ, ಅಲ್ಲಿಯವರೆಗೆ. ಹೌದು, ತೆವಳಿದೆ, ಬಂಪರಿನ ಅಡಿಯಿಂದ ತೆವಳಿದೆ, ಬಿಸಿ ಕಬ್ಬಿಣ ಬೆನ್ನಿಗೆ ತಾಗಿ ಸುಟ್ಟಿತು, ಅಲ್ಲಿ ಇನ್ನೂ ಉರಿ ಉಂಟು, ಆ ಉರಿಯನ್ನು ಇವರು ನೋಡುತ್ತಿದ್ದರು, ಬದುಕಿ ನಿಂತ ಮನುಷ್ಯ, ಎದುರಿನ ಗುಡ್ಡೆಯಲ್ಲಿ, ಒಂದು ಕೂಗಿನ ದೂರದಲ್ಲಿ, ಅದಕ್ಕೇ ಓಡಿ ಬಂದೆ ಅಂದ ಮನುಷ್ಯನಿಗೆ ಏದುಸಿರು ಇರಲಿಲ್ಲ, ಅದಕ್ಕೇ ಚಾ ಕೇಳುವ ಸ್ವರ, ಅದಕ್ಕೇ ಕೆನ್ನೆ ಒದ್ದೆ, ಅದಕ್ಕೇ ಶಿಳ್ಳೆ, ಅದಕ್ಕೇ ಟೊಪ್ಪಿ, ನಾನು ಸಾಯುತ್ತಿದ್ದೆ, ಅಲ್ಲಿ ಯಾರಾದರೂ ಸತ್ತಿದ್ದರೆ ಅದು ನಾನು, ಇವರಿಗೆ ಅದು — ಎಂತ ಹೇಳಲಿ ಅದಕ್ಕೆ, ಇವರಿಗೆ ಅದು ಸಿಹಿ ಆಯಿತು, ಬೈ, ಇವರಿಗೆ ಬೈ, ಸೌಟು ಎತ್ತಿ ಎಸೆ, ಹೇಗೆ ನಿಂತ್ರಿ ನೀವು, ಹೇಗೆ ಕಾಲು ಬಂತು ನಿಮಗೆ ನಿಲ್ಲಲಿಕ್ಕೆ, ಅಂತ ಕೇಳು — ಕೇಳಿದರೆ, ನಾನು ಯಾರು ಕೇಳಲಿಕ್ಕೆ, ಇವರ ಹೆಸರು ಕರೆಯುವ ಮೊದಲು ನಾನು ಹೇಳಿದ ಮಾತು ಯಾವುದು, ಅದು ಆ ಗುಡ್ಡೆಗೆ ಕೇಳಿಸಲಿಲ್ಲ, ಅದು ಬಾಯಿಗೆ ಬರಲಿಲ್ಲ, ಬಾಯಿಗೆ ಬಂದದ್ದು ಯೋಗೀಶ, ತಲೆಯಲ್ಲಿ ಇದ್ದದ್ದು ಅದು, ಯಾವುದು ನನ್ನದು, ಎರಡೂ ನನ್ನದೇನಾ, ಹೆಸರು ಕರೆದ ನೆನಪು ನನಗೆ ಇಲ್ಲವೇ ಇಲ್ಲ, ಒಂದು ಚೂರೂ ಇಲ್ಲ, ಇವರ ಹತ್ತಿರ ಅದು ಮಾತ್ರ ಉಂಟು, ನನ್ನ ಹತ್ತಿರ ಇದು ಮಾತ್ರ, ಒಂದೇ ಗುಡ್ಡೆಯ ಎರಡು ಬದಿಯಲ್ಲಿ ನಾವು ಬೇರೆ ಬೇರೆ ಶುಕ್ರವಾರ ಕಂಡೆವು. ನೀನು ಎಂತದೋ ಹೇಳ್ತಿದ್ದೆ, ಗಾಡಿ ನಿಂತ ಕೂಡಲೇ ಅಂತ, ಎಂತ ಅದು —  ಇವರು ಕೇಳುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಾ, ಬಾಗಿ ನನ್ನ ಮುಖ ನೋಡುತ್ತಾ, ಎಷ್ಟು ಹತ್ತಿರದಿಂದ, ಎಷ್ಟು ಆಸೆಯಿಂದ, ಇನ್ನೂ ಏನೋ ಸಿಹಿ ಸಿಗುತ್ತದೆ ಅಂತ, ಹೇಳು ಶರ್ಮಿಳಾ, ಈಗ ಹೇಳು, ಎರಡು ಶಬ್ದ — ಎಣ್ಣೆ ಹೊಗೆ ಬರ್ತಾ ಉಂಟು, ಅಂದೆ ನಾನು, ಪ್ಲೇಟು ತೆಕ್ಕೊಂಡು ಹೋಗಿ, ಅವರು ಕಾಯ್ತಾ ಇದ್ದಾರೆ.

ಒಲೆ ಆರಿಸಿದೆ, ಚಾ ಸೋಸಿದೆ, ಗ್ಲಾಸು ಜೋಡಿಸಿದೆ, ಕಾಲು ಹಾಲ್‌ಗೆ ತಾನಾಗಿ ಹೋಯಿತು, ಬನ್ನಿ ಬನ್ನಿ ಶರ್ಮಿಳಕ್ಕ, ಬಜೆ ಫಸ್ಟ್ ಕ್ಲಾಸ್, ಸಿದ್ದೀಕ್ ಭಾಯಿ ಸರಿದು ಜಾಗ ಕೊಟ್ಟರು, ನೋಡಿ ಅಕ್ಕ, ದಾರಿ ಹೀಗೆ, ಗುರುವಾರ ನಸುಕಿಗೇ ಹೊರಟರೆ ಸಂಜೆಗೆ ಗೇಟು, ಒಳಗೆ ಅವರು ತೋರಿಸಿದ ಜಾಗದಲ್ಲೇ ಟೆಂಟ್, ಗುಡ್ಡೆಯ ಬುಡದಲ್ಲಿ ಅಲ್ಲ, ಬಯಲಿನಲ್ಲಿ, ಆಚೆ ಬದಿಯಿಂದ ಗಾಡಿ ಬಂದರೆ ಕಾಣುವ ಹಾಗೆ, ಅದು ನೆನಪಿರಲಿ, ಗುಡ್ಡೆಯ ಬುಡದಲ್ಲಿ ಯಾವತ್ತೂ ಅಲ್ಲ, ಆಯ್ತಾ ಯೋಗೀಶಣ್ಣ — ಆಯ್ತು ಆಯ್ತು, ಇವರು ನನ್ನನ್ನು ನೋಡಿ ಕಣ್ಣು ಮಿಟುಕಿಸುತ್ತಾರೆ, ಗುಟ್ಟು ಇರುವವರ ಹಾಗೆ, ಹೊಸ ಮದುವೆಯವರ ಹಾಗೆ, ಇಸ್ರಾ ಅದನ್ನು ಕಂಡು ತಲೆ ತಗ್ಗಿಸಿ ನಗುತ್ತಾಳೆ, ನಮ್ಮ ಹಾಗೆ ಇರಬೇಕು ಅಂತ ಅವಳಿಗೆ ಆಸೆಯೇ ಬಂದಿರಬೇಕು. ಈಗ ಮುಖ್ಯ ವಿಷಯ, ಸಿದ್ದೀಕ್ ಭಾಯಿ ಚಾ ಕೆಳಗೆ ಇಡುತ್ತಾರೆ, ನಿಮ್ಮ ಗಾಡಿ ಯಾರು ಬಿಡುವುದು, ಅಕ್ಕ, ನಿಜ ಹೇಳಿ, ಹೆದರಿಕೆ ಉಂಟಾ, ಇದ್ದರೆ ಹೇಳಿ, ನಾಚಿಕೆ ಎಂತ ಇಲ್ಲ, ನಮ್ಮ ಗಾಡಿಯಲ್ಲೇ ನಾಲ್ಕೂ ಜನ ಹೋಗುವ — ಎಲ್ಲರೂ ನನ್ನನ್ನೇ ನೋಡುತ್ತಾರೆ, ಇಲ್ಲ ಅನ್ನು, ಬಿಡುವುದಿಲ್ಲ ಅನ್ನು, ಇನ್ನು ಯಾವತ್ತೂ ಬಿಡುವುದಿಲ್ಲ ಅನ್ನು, ಮರ್ಯಾದೆಯ ಹೆಂಗಸಾಗಿದ್ದರೆ ಚಾವಿ ತೆಗೆದು ಮೇಜಿನ ಮೇಲೆ ಇಡು — ನಾನೇ ಬಿಡ್ತೇನೆ, ಅಂದಿತು ಬಾಯಿ, ತಡವರಿಸಲಿಲ್ಲ, ಹೊಟ್ಟೆಯಲ್ಲಿ ಆ ತೊಟ್ಟಿಲು ಒಮ್ಮೆ ತೂಗಿತು ಕೂಡ, ಈಗಲೂ, ಇಷ್ಟಾದ ಮೇಲೂ, ಎಂತ ಹೆಂಗಸು ನಾನು. ಶಾಬಾಸ್ ಅಂದರು ಸಿದ್ದೀಕ್ ಭಾಯಿ, ಇಸ್ರಾ ಚಪ್ಪಾಳೆ ತಟ್ಟಿದಳು, ಇವರು ಒಂದು ಬಜೆ ಚಟ್ನಿಯಲ್ಲಿ ಅದ್ದಿ ಎಲ್ಲರ ಎದುರಿಗೇ ನನ್ನ ಕಡೆ ನೀಡಿದರು, ತೆಕ್ಕೋ, ಬಾಯಿ ತೆರಿ, ನಾನು ತೆರೆದೆ, ಅಗಿಯುತ್ತೇನೆ, ಬಿಸಿ, ಮೆಣಸು, ಶುಂಠಿ, ಎಲ್ಲರೂ ಮಾತಾಡುತ್ತಿದ್ದಾರೆ, ಹಗ್ಗ, ಸಲಿಕೆ, ಕಂಬಳಿ, ಚಳಿ, ನಾನು ನುಂಗಲು ನೋಡುತ್ತೇನೆ, ಕೆಳಗೆ ಯಾರೋ ಒಬ್ಬಳು ಅಗೆಯುತ್ತಿದ್ದಾಳೆ, ಎದುರಿನ ಗುಡ್ಡೆಯಲ್ಲಿ ಒಬ್ಬರು, ಕರೆಯಲಿಕ್ಕೆ ಅಂತ ಎತ್ತಿದ ಕೈ, ಹಾಗೆಯೇ ಮೇಲೆ, ಬೀಸುವುದಿಲ್ಲ, ಇಳಿಸುವುದಿಲ್ಲ, ಅವಳು ತೆವಳಿ ಆ ಬದಿಗೆ ಹೋಗುತ್ತಾಳೆ, ಆ ಕೈ ಮೇಲೆಯೇ ಉಂಟು, ಚಾ ಆರುತ್ತದೆ ಅಕ್ಕ, ಹೂಂ, ಆ ಕೈ, ಬೆರಳು ಬಿಡಿಸಿಕೊಂಡು, ಬಿಸಿಲಿನಲ್ಲಿ, ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಾ, ಎತ್ತಿದ ಕೈ, ಎತ್ತಿದ ಹಾಗೆಯೇ